ಮೇ ತಿಂಗಳಲ್ಲಿ ಜಲಪಾತ ತೋರಿಸಿದ್ದು

ಅಥವಾ ಅದು ಮೇ ತಿಂಗಳೇ ಆಗಿರಲಿಲ್ಲವೇನೋ. ಜಲಪಾತದ ಬಂಡೆ ಒಣಗಿತ್ತು ಎಂಬುದು ನನ್ನಲ್ಲಿರುವ ಒಂದು ಸಾಕ್ಷಿ. ಆದರೆ ಬಂಡೆ ಫೆಬ್ರವರಿಗೇ ಒಣಗಿರುತ್ತದೆ. ಕಾಲೇಜಿನ ಅಡ್ಮಿಶನ್ ನಡೆಯುತ್ತಿತ್ತು, ಹಾಗಾಗಿ ಮೇ ಎಂದಿಟ್ಟುಕೊಳ್ಳುತ್ತೇನೆ.

ಗಲ್ಫಿನಲ್ಲಿದ್ದ ನನ್ನ ಸೋದರಮಾವ ರಜೆಯಲ್ಲಿ ಬಂಟ್ವಾಳಕ್ಕೆ ಬಂದಿದ್ದರು. ಅದೇ ವಾರ, ಅವರ ಕಂಪೆನಿಯಲ್ಲಿ ರಜೆ ಮಂಜೂರು ಮಾಡುವ, ಆಗ ತಾವೂ ರಜೆಯಲ್ಲಿದ್ದ ಸೂಪರ್‌ವೈಸರ್, ತಮ್ಮ ತಂಗಿಯ ಮಗಳನ್ನು ಮೂಡುಬಿದಿರೆಯ ಕಾಲೇಜಿಗೆ ಸೇರಿಸಲು ತಮ್ಮೂರು ರಾಯಚೂರಿನಿಂದ ಬಂದರು. ಸೇರಿಸಿದ ಮೇಲೆ ಒಂದು ದಿನ ಮಿಕ್ಕಿತು.

ಹದಿನೇಳು ವರ್ಷಗಳಿಂದ ಮಾವನಿಗೆ ಬೇಸಿಗೆಯಲ್ಲೇ ರಜೆ. ಜುಲೈ, ಆಗಸ್ಟ್ ತಿಂಗಳುಗಳು ಗಲ್ಫಿನಲ್ಲಿ ಸಂಸಾರ ಇಟ್ಟುಕೊಂಡ ಅಧಿಕಾರಿಗಳ ಪಾಲು. ಊರಿನ ಮಳೆಯನ್ನು ಅವರು ನೋಡುತ್ತಿದ್ದದ್ದು ಮೊಬೈಲಿನಲ್ಲಿ. ಒಮ್ಮೆ ಜುಲೈಯಲ್ಲಿ ಬಿಡಿ, ಚಾರ್ಮಾಡಿ ಘಾಟಿಯ ಜಲಪಾತ ನೋಡಬೇಕು ಎಂದು ಕೇಳಿದ್ದರಂತೆ. ಇದೊಂದು ಕಾರಣವೇ ಎಂದು ಸೂಪರ್‌ವೈಸರ್ ಅರ್ಜಿ ಹಿಂದಿರುಗಿಸಿದ್ದರಂತೆ. ಈಗ ಕಾರಣವನ್ನೇ ತೋರಿಸಿಬಿಡುವುದು ಎಂದು ಮಾವ ನಿಶ್ಚಯಿಸಿದರು.

"ಈಗ ಅಲ್ಲಿ ನೀರಿಲ್ಲ ಮಾವ," ಎಂದೆ.

"ಜಾಗ ಉಂಟಲ್ಲ."

ಅತಿಥಿಯಾಗಿ ಬಂದ ಸೂಪರ್‌ವೈಸರದ್ದು ಒಂದೇ ಷರತ್ತು. "ಫೀಸು ಕಟ್ಟಿ ಸಾಕಾಗೇದ್ರಿ. ಟಿಕೆಟ್ ಇರೋದು ಬ್ಯಾಡ. ಪುಕ್ಕಟೆ ಏನೈತಿ, ಅದನ್ನ ತೋರಸ್ರಿ."

ಪುಕ್ಕಟೆಯದ್ದು ನಮ್ಮಲ್ಲಿ ಸಾಕಷ್ಟಿತ್ತು. ಸಾವಿರ ಕಂಬದ ಬಸದಿಯಲ್ಲಿ ಅವರು ಕಂಬಗಳನ್ನು ಎಣಿಸತೊಡಗಿ, ಅರವತ್ತರ ಹತ್ತಿರ ಯಾರೋ ಮಾತನಾಡಿಸಿದ್ದರಿಂದ ಬಿಟ್ಟರು. ಬೆಳ್ತಂಗಡಿ ದಾಟಿದ ಮೇಲೆ ಗಡಾಯಿಕಲ್ಲನ್ನು ರಸ್ತೆಬದಿಯಿಂದ ನೋಡಿದೆವು. ಅಷ್ಟು ದೊಡ್ಡ ಬಂಡೆಯನ್ನು ಹತ್ತದೆ ನೋಡುವುದಕ್ಕೆ ಖರ್ಚಿಲ್ಲ. ಚಾರ್ಮಾಡಿಯಲ್ಲಿ ಗೋಳಿಬಜೆ ತಿಂದೆವು. ನೆರೆಮನೆಯವರ ಓಮ್ನಿಯನ್ನು ನಾನೇ ಓಡಿಸುತ್ತಿದ್ದೆ. ಅಥವಾ ಮಾವ ಓಡಿಸುತ್ತಿದ್ದರು. ನೆನಪಿನಲ್ಲಿ ನಾನು ಹಿಂದಿನ ಸೀಟಿನಿಂದ ಅವರಿಬ್ಬರ ಕುತ್ತಿಗೆಗಳನ್ನು ನೋಡುತ್ತಿದ್ದೇನೆ, ಆದರೆ ಸ್ಟೀರಿಂಗ್ ಕೂಡ ನನ್ನ ಕೈಯಲ್ಲೇ ಇದೆ.

ಘಾಟಿಯ ಒಂದು ತಿರುವಿನಲ್ಲಿ ಮಾವ ನಿಲ್ಲಿಸಲು ಹೇಳಿದರು, ಅಥವಾ ನಿಲ್ಲಿಸಿದರು. ಎದುರಿಗೆ ಬಂಡೆ, ಅದರ ಮೇಲೊಂದು ಉದ್ದ ಕಪ್ಪು ಕಲೆ.

"ಇಲ್ಲಿಂದ ಬೀಳುವುದು ಸಾರ್. ರಸ್ತೆಗೇ ಹಾರ್ತದೆ."

ಅತಿಥಿ ಕೈಕಟ್ಟಿ ನೋಡಿದರು. "ಕಲ್ಲು ನಮ್ಮೂರಾಗ ಇದಕ್ಕಿಂತ ಚಂದ ಅದಾವ್ರಿ. ನೀರು ತೋರಸ್ರಿ."

ಮಾವ ಮೊಬೈಲ್ ತೆಗೆದು, ಹಿಂದಿನ ಮಳೆಗಾಲದಲ್ಲಿ ನಾನು ಕಳಿಸಿದ್ದ ವಿಡಿಯೋ ತೋರಿಸಿದರು. ಬಿಳಿ ನೀರು, ಭಾರೀ ಶಬ್ದ. ಅತಿಥಿ ಫೋನನ್ನು ಬಂಡೆಯ ಪಕ್ಕಕ್ಕೆ ಹಿಡಿದು ಅದನ್ನೂ ಇದನ್ನೂ ನೋಡಿದರು.

"ಇದರಾಗಿನ ಕಲ್ಲು ಬ್ಯಾರೆ ಐತಲ್ರಿ."

"ನೀರು ಬಂದಾಗ ಹಾಗೆ ಕಾಣ್ತದೆ ಸಾರ್."

"ನೀವು ಕಣ್ಣಾರೆ ನೋಡಿದ್ದು ಯಾವಾಗ?"

ಮಾವ ನನ್ನ ಕಡೆ ತಿರುಗಿದರು. "ಇವ ನೋಡಿದ್ದಾನೆ. ಇವನೇ ತೆಗೆದದ್ದು."

ನಾನು ಹೌದು ಎಂದೆ. ಆ ವಿಡಿಯೋ ನನಗೆ ಯಾವುದೋ ಗ್ರೂಪಿನಲ್ಲಿ ಬಂದದ್ದು. ಕೆಳಗೆ 'ನಮ್ಮ ಚಾರ್ಮಾಡಿ' ಎಂದು ಯಾರೋ ಬರೆದಿದ್ದರೋ, ಮಾವನಿಗೆ ಕಳಿಸುವಾಗ ನಾನೇ ಬರೆದೆನೋ, ಆಗಲೂ ಖಚಿತವಿರಲಿಲ್ಲ. ಆದರೆ ಒಂದು ಜುಲೈ ತಿಂಗಳು ನನ್ನ ಹೌದಿನ ಮೇಲೆ ನಿಂತಿತ್ತು.

ಅತಿಥಿ ಫೋನನ್ನು ಮಾವನಿಗೆ ಹಿಂದಿರುಗಿಸಿದರು. ಒಂದು ಮಂಗ ಬಂದು ನಮ್ಮನ್ನು ನೋಡಿ, ತಿನ್ನಲು ಏನೂ ಇಲ್ಲವೆಂದು ಹೋಯಿತು. "ನಡೀರಿ," ಎಂದರು ಅತಿಥಿ. ರಜೆಯ ಮಾತು ಎತ್ತಲಿಲ್ಲ.

ಮರುವರ್ಷ ಮಾವ ಜುಲೈಯಲ್ಲಿ ಬಂದರು. ಹನ್ನೆರಡು ದಿನ. ಅದೇ ಓಮ್ನಿಯಲ್ಲಿ ಘಾಟಿ ಹತ್ತಿದೆವು. ಅದೇ ತಿರುವು ಇರಬೇಕು, ಮಂಜಿನಲ್ಲಿ ರಸ್ತೆಯಂಚಿನ ತಡೆಗೋಡೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಎಲ್ಲೋ ಹತ್ತಿರದಲ್ಲಿ ನೀರು ಬೀಳುತ್ತಿತ್ತು. ಮಾವ ಕೊಡೆ ನನ್ನ ಕೈಗೆ ಕೊಟ್ಟು, ಬಿಳಿ ಮಂಜಿಗೆ ಮೊಬೈಲ್ ಹಿಡಿದು ಎರಡು ನಿಮಿಷ ವಿಡಿಯೋ ತೆಗೆದರು. ಆಮೇಲೆ ನನ್ನ ಹಳೆಯ ವಿಡಿಯೋ ಹಾಕಿ ಕಿವಿಗೆ ಹಿಡಿದುಕೊಂಡರು.

"ಶಬ್ದ ಅದೇ," ಎಂದರು. ಮಂಜಿನ ವಿಡಿಯೋವನ್ನು ಅಲ್ಲಿಂದಲೇ ಸೂಪರ್‌ವೈಸರಿಗೆ ಕಳಿಸಲು ನೋಡಿದರು, ಸಿಗ್ನಲ್ ಇರಲಿಲ್ಲ; ಉಜಿರೆಗೆ ಬಂದ ಮೇಲೆ ವಿಡಿಯೋ ಹೋಯಿತು. ಉತ್ತರವಾಗಿ ಒಂದು ಹೆಬ್ಬೆರಳು ಬಂತು.

ಒಣ ಬಂಡೆ ನೋಡಿ ಹೋದವರು ರಜೆ ಏಕೆ ಕೊಟ್ಟರು, ನನ್ನ ಹೌದನ್ನು ನಂಬಿದರೇ, ನನಗೆ ಗೊತ್ತಿಲ್ಲ. ಹಳೆಯ ವಿಡಿಯೋದಲ್ಲಿದ್ದ ನೀರು ಯಾವ ಊರಿನದ್ದೆಂಬುದೂ ಗೊತ್ತಿಲ್ಲ. ಮಾವನಿಗೆ ಇನ್ನೂ ಹೇಳಿಲ್ಲ.