ಮಾವ ಹೇಳಿಕೊಟ್ಟ ರಕ್ತಪಿಶಾಚಿಯ ಆಟ

ಮದುವೆಯಾಗಿ ವೀರನಹೊಸಹಳ್ಳಿಯ ಹತ್ತಿರದ ಆ ಊರಿಗೆ ಬಂದಾಗ ನನಗೆ ಹೆದರಿಕೆಯೆಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ನಾನು ಬೆಳೆದದ್ದು ಕೆ.ಆರ್. ನಗರದ ಕಡೆ, ನಾಲೆ ಬಯಲಿನಲ್ಲಿ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಭತ್ತದ ಗದ್ದೆ. ಬರುವವರು ಅರ್ಧ ಮೈಲಿಯಿಂದಲೇ ಕಾಣುತ್ತಿದ್ದರು. ಇಲ್ಲಿ ನಮ್ಮ ಹೊಗೆಸೊಪ್ಪಿನ ಹೊಲ ಮುಗಿದ ಕಡೆ ಆನೆ ಕಂದಕ, ಅದರಾಚೆಗೆ ಕಾಡು. ಆಳೆತ್ತರಕ್ಕೆ ಬೆಳೆದ ಹೊಗೆಸೊಪ್ಪಿನ ಸಾಲಿನೊಳಗೆ ಏನು ನಿಂತಿದ್ದರೂ ಕಾಣುತ್ತಿರಲಿಲ್ಲ.

ಗಂಡ ಲಾರಿ ಓಡಿಸುತ್ತಿದ್ದರು. ಮನೆಗೆ ಬರುವುದು ಅಪರೂಪ. ಮನೆಯಲ್ಲಿ ಮಾವ, ಅತ್ತೆ, ಹುಣಸೂರಿನ ಕಾಲೇಜಿಗೆ ಹೋಗುತ್ತಿದ್ದ ಮೈದುನ, ಮತ್ತೆ ನಾನು. ಅತ್ತೆ ಬೈಯುತ್ತಿರಲಿಲ್ಲ. ನಾನು ಮಾಡಿದ ಕೆಲಸ ಹಿಡಿಸದಿದ್ದರೆ ತಾವೇ ಅದನ್ನು ಮೊದಲಿನಿಂದ ಮಾಡುತ್ತಿದ್ದರು, ಒಂದು ಮಾತೂ ಆಡದೆ. ನಾನು ತೊಳೆದಿಟ್ಟ ಪಾತ್ರೆಯನ್ನು ಅವರು ಮತ್ತೆ ತೊಳೆಯುವಾಗ ಬರುತ್ತಿದ್ದ ಸದ್ದಿಗೇ ನಾನು ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದೆ. ಏನಾದರೂ ಕೇಳಬೇಕಾದರೂ ಹತ್ತಿರ ಹೋಗಿ ಅವರು ತಿರುಗುವವರೆಗೆ ನಿಲ್ಲುತ್ತಿದ್ದೆನೇ ಹೊರತು ಕರೆಯುತ್ತಿರಲಿಲ್ಲ.

ಆ ಮಳೆಗಾಲ ಊರಿಗೆ ಹುಲಿಯ ಕಾಟ ಶುರುವಾಯಿತು. ಪಕ್ಕದ ಹೊಲದವರ ಹಸುವನ್ನು ಸಂಜೆ ಬೆಳಕಿರುವಾಗಲೇ ಎಳೆದುಕೊಂಡು ಹೋಯಿತು. ಕಾಡಂಚಿನ ಹಾಡಿಯ ಬುಡಕಟ್ಟಿನವರು ಕೂಲಿಗೆ ಬರುವುದನ್ನು ಬಿಟ್ಟರು; ಹುಲಿಗೆ ವಯಸ್ಸಾಗಿದೆ, ಕಾಡಿನಲ್ಲಿ ಬೇಟೆಯಾಡಲು ಆಗುತ್ತಿಲ್ಲ, ಅದಕ್ಕೇ ಇತ್ತ ಬಂದಿದೆ ಎಂದು ಹೇಳಿ ಕಳಿಸಿದರು. ಸೂರ್ಯ ಇಳಿಯುವ ಮೊದಲೇ ಎಲ್ಲರ ಮನೆ ಬಾಗಿಲು ಮುಚ್ಚುತ್ತಿತ್ತು.

ಆ ದಿನಗಳಲ್ಲೇ ಮೈದುನ ಟಿಬೆಟಿನವರ ಕ್ಯಾಂಪಿನ ಪಕ್ಕದ ಕೊಪ್ಪದಿಂದ ಒಂದು ಡಬ್ಬ ತುಂಬ ಆಟದ ಎಲೆಗಳನ್ನು ತಂದ. ಇಸ್ಪೀಟ್ ಎಲೆಗಳಲ್ಲ. ಟಿಬೆಟಿನವರ ಗುಡಿ ನೋಡಲು ಬಂದಿದ್ದ ವಿದೇಶಿಯೊಬ್ಬ ಕೊಪ್ಪದ ಟೀ ಅಂಗಡಿಯಲ್ಲಿ ಇವನಿಗೆ ಪರಿಚಯವಾಗಿ, ತನ್ನ ದೇಶಕ್ಕೆ ಹೊರಡುವಾಗ ಕೊಟ್ಟು ಹೋಗಿದ್ದನಂತೆ. ಒಂದೊಂದು ಎಲೆಯ ಮೇಲೂ ಒಂದೊಂದು ರಕ್ತಪಿಶಾಚಿ: ಬಿಳಿಚಿದ ಮುಖ, ಉದ್ದನೆ ಕೋಟು, ತುಟಿಯಂಚಿನಲ್ಲಿ ರಕ್ತ. ಹೊರದೇಶದಲ್ಲಿ ಇಂಥ ಎಲೆಗಳನ್ನು ಹುಚ್ಚು ಹಿಡಿದವರಂತೆ ಕೂಡಿಡುತ್ತಾರೆ, ಕೆಲವು ಎಲೆ ಯಾರಿಗೂ ಸಿಗುವುದೇ ಇಲ್ಲ ಎಂದು ಮೈದುನ ಹೇಳಿದ. ಎಲೆಯ ಮೇಲಿನ ಇಂಗ್ಲಿಷನ್ನು ಅವನೂ ನಾನೂ ಕೂಡಿಸಿ ಓದಿ ಆಟ ಏನೆಂದು ತಿಳಿದುಕೊಂಡೆವು. ಪ್ರತಿಯೊಬ್ಬರಿಗೂ ಒಂದೊಂದು ಪಿಶಾಚಿ, ಅದಕ್ಕೆ ಇಷ್ಟು ರಕ್ತ. ತನ್ನ ರಕ್ತ ಖರ್ಚು ಮಾಡಿ ಇನ್ನೊಬ್ಬರ ಪಿಶಾಚಿಯ ಮೇಲೆ ಬಿದ್ದು ರಕ್ತ ಹೀರಬೇಕು. ರಕ್ತದ ಹನಿಗಳಿಗೆ ನಾವು ಗುಲಗಂಜಿ ಇಟ್ಟುಕೊಂಡೆವು.

ಅತ್ತೆ ಒಂದು ಎಲೆ ನೋಡಿದವರೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇವು ಮನೆಗೆ ಬಂದ ಮೇಲೆ ತಾನೇ ಹುಲಿ ಬಂದದ್ದು ಎಂದರು. ಹುಲಿ ಮೊದಲೇ ಬಂದಿತ್ತು, ಆದರೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಡಬ್ಬ ಬ್ಯಾರನ್ ಸೇರಿತು. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಒಳಗೆ ನೇತುಹಾಕಿ ಬಿಸಿಗೆ ಹದ ಮಾಡುವ ಎತ್ತರದ ಕಟ್ಟಡ. ಹೊಲದ ನಡುವೆ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಅದರ ಒಲೆಯ ಮುಂದೆ ತಗಡಿನ ಚಾವಡಿ. ಒಲೆಗೆ ಸೌದೆ ತಳ್ಳುತ್ತ ಯಾರಾದರೂ ಅಲ್ಲಿ ಇರಲೇಬೇಕಿತ್ತು. ರಾತ್ರಿ ಬೆಂಕಿಯ ಧೈರ್ಯದ ಮೇಲೆ ಮಾವ ಒಬ್ಬರೇ, ಹಗಲು ಅವರ ಜೊತೆಗೆ ನಾನು. ಕಾಲೇಜು ಇಲ್ಲದ ದಿನ ಮೈದುನನೂ ಬರುತ್ತಿದ್ದ.

ಮಾವನಿಗೆ ಓದು ಬರುತ್ತಿರಲಿಲ್ಲ. ಒಂದೆರಡು ದಿನ ದೂರದಿಂದ ನೋಡಿದರು. ಮೂರನೆಯ ದಿನ ಹತ್ತಿರ ಬಂದು ಕೂತು, ಒಲೆಯ ಬಿಸಿ ಹೇಗಿರಬೇಕೆಂದು ಹೇಳುವಷ್ಟೇ ಗಂಭೀರವಾಗಿ ನನಗೆ ಆಟ ಹೇಳಿಕೊಡತೊಡಗಿದರು.

"ರಕ್ತ ಖಾಲಿ ಮಾಡ್ಕಬ್ಯಾಡ ಕಣವ್ವ," ಎಂದರು. "ಖಾಲಿಯಾದ್ರೆ ಸತ್ತೋಯ್ತೀಯ."

ನಾನು ತಲೆಯಾಡಿಸಿದೆ. ಅವರು ಯೋಚಿಸಿ ಮುಂದುವರಿಸಿದರು. "ಬಲವಾಗಿರೋನ ಮ್ಯಾಲೆ ಬೀಳಬ್ಯಾಡ, ಅವ್ನು ತಿರುಗಿಸಿ ಹೊಡೀತಾನೆ. ಬಲ ಇಲ್ದೋನ ಮ್ಯಾಲೆ ಬೀಳು. ಅವ್ನಿಗೆ ಹೊಡಿಯಕ್ಕಾಗಕಿಲ್ಲ."

ಮೈದುನ ಮುಖ ತಿರುಗಿಸಿಕೊಂಡು ಸೌದೆ ಜೋಡಿಸುವವನಂತೆ ನಟಿಸುತ್ತ ನಗುತ್ತಿದ್ದ. ಹೊಸ ಸೊಸೆಯಾದ ನಾನು ನಗುವಂತಿರಲಿಲ್ಲ. ಆಟದಲ್ಲಿ ಬಿಸಿಲಿನ ಎಲೆ ಒಂದಿತ್ತು, ಅದು ಬಿದ್ದರೆ ಹೊರಗಿರುವ ಪಿಶಾಚಿಗಳೆಲ್ಲ ಸುಟ್ಟುಹೋಗಬೇಕು. ಬಿಸಿಲು ಬಂದಾಗ ಬಿಸಿಲಿನಲ್ಲಿ ಇರಬೇಡ ಎಂದು ಮಾವ ಎಚ್ಚರಿಸಿದರು. ಒಳ್ಳೆಯ ಎಲೆ ಕೈಗೆ ಬಂದರೆ ಒಳ್ಳೆಯದು, ಬರದಿದ್ದರೆ ಕಷ್ಟ ಎಂದರು. ಸೋಲುವವರು ಯಾರೆಂದು ಕೇಳಿದ್ದರೆ, ಗೆಲ್ಲದೇ ಇರುವವರು ಎಂದು ಹೇಳುತ್ತಿದ್ದರೇನೋ. ಇಷ್ಟೆಲ್ಲ ಹೇಳಿಕೊಟ್ಟ ಮೇಲೂ ಪ್ರತಿ ಆಟದಲ್ಲೂ ಮೊದಲು ಸಾಯುತ್ತಿದ್ದವರು ಅವರೇ. ಗುಲಗಂಜಿಗಳನ್ನು ನನ್ನ ಕಡೆ ತಳ್ಳುವಾಗ, ನಾನು ಹೇಳಿದ್ದನ್ನು ನಾನೇ ಮಾಡಲಿಲ್ಲ ನೋಡು ಎನ್ನುತ್ತಿದ್ದರು. ಆ ಮನೆಯಲ್ಲಿ ನನ್ನ ಜೊತೆ ಕೂತು ಮಾತನಾಡಿದ ಮೊದಲನೆಯವರು ಅವರು. ಆಡುವಷ್ಟು ಹೊತ್ತು ನಾನು ಹೊಗೆಸೊಪ್ಪಿನ ಸಾಲುಗಳ ಕಡೆ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ, ಮಳೆ ಬಿಟ್ಟ ಸಂಜೆ, ಮೈದುನ ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ನಾನೂ ಮಾವನೂ ಆಡುತ್ತಿದ್ದೆವು. ಎಲೆ ಇಳಿಸಲು ಎತ್ತಿದ ಮಾವನ ಕೈ ಹಾಗೇ ನಿಂತಿತು. ಅವರು ನನ್ನ ಭುಜದಾಚೆ ನೋಡುತ್ತಿದ್ದರು.

ನಾನು ತಿರುಗಿದೆ. ಬ್ಯಾರನ್‌ಗೂ ಮನೆಗೂ ನಡುವಿನ ಹೊಂಗೆ ಮರದ ಬುಡದಲ್ಲಿ ಹುಲಿ ಮಲಗಿತ್ತು. ಮುಖ ಮನೆಯ ಕಡೆಗಿತ್ತು. ಪಕ್ಕೆಲುಬು ಎಣಿಸುವಷ್ಟು ಬಡಕಲು. ಬಾಲದ ತುದಿ ಮಾತ್ರ ಅತ್ತಿತ್ತ ಆಡುತ್ತಿತ್ತು.

"ಅಲ್ಲಿಗೆ ಓಗ್ಬ್ಯಾಡ ಕಣವ್ವ," ಎಂದು ಮಾವ ಪಿಸುಗುಟ್ಟಿದರು. "ಅದು ಅಲ್ಲೇ ಅದೆ."

ಈ ಸಲ ನನಗೆ ನಗು ಬರಲಿಲ್ಲ. ಬಚ್ಚಿಟ್ಟುಕೊಳ್ಳಲು ಜಾಗ ಹುಡುಕಿದೆ. ಚಾವಡಿಗೆ ಗೋಡೆಯಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಜಾಗವೆಂದರೆ ಬ್ಯಾರನ್ ಒಂದೇ, ಅದರೊಳಗೆ ಹೋದರೆ ನಾವೇ ಬೆಂದುಹೋಗುತ್ತಿದ್ದೆವು. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಅದು ಅತ್ತೆ ಕಾಫಿ ತರುವ ಹೊತ್ತು. ಅವರು ಹಿತ್ತಲ ಬಾಗಿಲು ತೆಗೆದು ನೇರವಾಗಿ ಹೊಂಗೆ ಮರದ ಪಕ್ಕದ ದಾರಿಯಲ್ಲೇ ಬರುತ್ತಿದ್ದರು.

ಮಾವನಿಗೂ ಅದು ಹೊಳೆದಿರಬೇಕು. ಒಲೆ ಕೆದಕುವ ಕಬ್ಬಿಣದ ಸಲಾಕೆ ತೆಗೆದುಕೊಂಡು ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿಗೆ ಬಾರಿಸತೊಡಗಿದರು. ಸದ್ದಿಗೆ ಹುಲಿ ಓಡಲಿ, ಅತ್ತೆ ಒಳಗೇ ಇರಲಿ ಎಂಬುದು ಅವರ ಲೆಕ್ಕ. ಹುಲಿ ಎದ್ದು ನಿಂತಿತು, ಓಡಲಿಲ್ಲ. ತಿರುಗಿ ನಮ್ಮನ್ನು ನೋಡಿತು. ಆದರೆ ಮಾವ ಒಂದು ಮರೆತಿದ್ದರು, ಆ ಊರಿನಲ್ಲಿ ಡ್ರಮ್ ಬಾರಿಸಿದರೆ ಬ್ಯಾರನ್‌ಗೆ ಬೆಂಕಿ ಬಿದ್ದಿದೆ ಎಂದು ಅರ್ಥ. ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಅತ್ತೆ ಕೊಡಪಾನ ತುಂಬ ನೀರು ಹಿಡಿದು, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಓಡಿ ಬರುತ್ತಿದ್ದರು.

ಮಾವ ಬಾರಿಸುವುದನ್ನು ನಿಲ್ಲಿಸಿ ಕೂಗಲು ಬಾಯಿ ತೆರೆದರು. ಸ್ವರವೇ ಹೊರಡಲಿಲ್ಲ. ಬರಿಯ ಗಾಳಿ ಬಂತು. ಇಷ್ಟು ದಿನ ಆ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮದ ನಾನು ಎಲ್ಲಿಂದ ದನಿ ತಂದೆನೋ ಗೊತ್ತಿಲ್ಲ.

"ಅತ್ತೆ, ನಿಂತ್ಕಳಿ. ಹುಲಿ ಅದೆ. ನಿಂತ್ಕಳಿ ಅಲ್ಲೇ."

ಅತ್ತೆ ತಲೆಯೆತ್ತಿದರು. ಅವರಿಗೂ ಹುಲಿಗೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗವಿತ್ತೋ ಇಲ್ಲವೋ. ಕೊಡಪಾನ ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು. ಆ ಸದ್ದಿಗೆ ಹುಲಿ ಬೆಚ್ಚಿತು. ಒಮ್ಮೆ ಅವರತ್ತ, ಒಮ್ಮೆ ನಮ್ಮತ್ತ ನೋಡಿ, ಅವಸರವೇನೂ ಇಲ್ಲದೆ, ಒಂದು ಕಾಲು ಕುಂಟುತ್ತ ಹೊಗೆಸೊಪ್ಪಿನ ಸಾಲಿನೊಳಗೆ ಇಳಿಯಿತು. ಗಿಡಗಳು ಅಲುಗಾಡುತ್ತ ಕಂದಕದವರೆಗೆ ಹೋದದ್ದು ಕಂಡಿತು. ಆಮೇಲೆ ಏನೂ ಇಲ್ಲ.

ಅತ್ತೆ ನಿಂತಲ್ಲೇ ಕೆಸರಿನಲ್ಲಿ ಕೂತುಬಿಟ್ಟರು. ಮಾವನೂ ನಾನೂ ಹೋಗಿ ಎರಡು ಕಡೆ ಹಿಡಿದು ಒಳಗೆ ಕರೆದುಕೊಂಡು ಬಂದೆವು. ಆ ರಾತ್ರಿ ಒಲೆ ನೋಡಲು ಯಾರೂ ಹೋಗಲಿಲ್ಲ. ಬೆಂಕಿ ಆರಿ, ಒಳಗಿದ್ದ ಸೊಪ್ಪೆಲ್ಲ ಕಪ್ಪಿಟ್ಟಿತು. ಮಾವ ಅದರ ಮಾತೇ ಎತ್ತಲಿಲ್ಲ. ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟರು, ಹುಲಿ ಬೀಳಲಿಲ್ಲ. ಕಾಡಿನೊಳಗೇ ಸತ್ತಿರಬೇಕು ಎಂದು ಹಾಡಿಯವರು ಹೇಳಿದರು. ನಾವು ಅದನ್ನು ನಂಬಲು ಬಹಳ ಕಾಲ ಬೇಕಾಯಿತು.

ಅತ್ತೆಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಅವರು ಹಿತ್ತಲಿಗೆ ಹೋಗಲು ಹೆದರಿ ನಡುಮನೆಯಲ್ಲೇ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ, ಆ ಎಲೆಗಳನ್ನು ತಗೊಂಡು ಬಾ, ಅದೇನು ಅಂತ ನೋಡೋಣ ಎಂದರು. ನಾನು ಅನುಮಾನಿಸುತ್ತಲೇ ತಂದೆ. ಪಿಶಾಚಿಗಳ ಮುಖವನ್ನು ಒಂದೊಂದಾಗಿ ನೋಡಿದರು. ಇದಕ್ಕೇನು ಹೆದರುವುದು, ಇದು ಕುಂಟುವುದೂ ಇಲ್ಲ, ಉಸಿರಾಡುವುದೂ ಇಲ್ಲ ಎಂದರು. ಆಡಲು ಕೂತಾಗ ಮಾವ ಬಾಗಿಲ ಬಳಿಯಿಂದಲೇ, ಸೋಲಬಾರದು ಅಂದರೆ ಗೆಲ್ಲಬೇಕು ಎಂದು ಶುರು ಮಾಡಿದರು.

"ಸುಮ್ಕಿರಿ," ಎಂದರು ಅತ್ತೆ. ಒಂದೇ ಗುಲಗಂಜಿ ಉಳಿಸಿಕೊಂಡು ಮಿಕ್ಕ ರಕ್ತವನ್ನೆಲ್ಲ ಒಂದೇ ಸಲ ಸುರಿದು ನನ್ನ ಪಿಶಾಚಿಯ ಮೇಲೆ ಬಿದ್ದರು. ನಾನು ಸೋತೆ.

ಗಂಡ ಊರಲ್ಲಿ ಇಲ್ಲದ ದಿನಗಳಲ್ಲಿ ಅವರು ಚಾಪೆ ತಂದು ನನ್ನ ಪಕ್ಕದಲ್ಲೇ ಮಲಗತೊಡಗಿದರು. ನಿನಗೆ ಹೆದರಿಕೆಯಾಗುತ್ತೆ ಅಂತ ಬಂದೆ ಎಂದರು. ನಿಜವೇ, ನನಗೆ ಹೆದರಿಕೆಯಾಗುತ್ತಿತ್ತು. ದೀಪ ಆರಿಸಿದ ಮೇಲೆ ಅವರ ಕೈ ಕತ್ತಲಲ್ಲಿ ಹುಡುಕುತ್ತ ಬಂದು ನನ್ನ ಸೆರಗಿನ ತುದಿಯನ್ನು ಹಿಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಏಳುವಾಗ ಅವರಿಗೆ ಎಚ್ಚರವಾಗದಂತೆ ಅದನ್ನು ಬಿಡಿಸಿಕೊಂಡು ಏಳುತ್ತಿದ್ದೆ.