ಕೋಳಿಯ ಪಾಲಿನ ಬಾದಾಮಿ

ಬೆಳಿಗ್ಗೆ ಬಸುರಿ ಮಗಳಿಗೆಂದು ನೆನೆಹಾಕಿದ್ದ ಬಾದಾಮಿಯ ಸಿಪ್ಪೆ ಸುಲಿಯುತ್ತಿದ್ದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಮಣಿಕೊಂಡದ ಈ ಅಡುಗೆಮನೆಯಿಂದ ನೇರ ಊರಿನ ಇನ್ನೊಂದು ತುದಿಗೆ, ವರ್ಷಗಳ ಹಿಂದೆ ನಾವಿದ್ದ ಉಪ್ಪಲ್‌ನ ಆ ಹಳೆಯ ವಠಾರಕ್ಕೆ... ಪಕ್ಕದ ಮನೆಯಲ್ಲಿದ್ದ ಆ ಹುಡುಗಿಯ ಹತ್ತಿರಕ್ಕೆ.

ಬೀದರ ಕಡೆಯವಳು. ಐದು ತಿಂಗಳ ಬಸುರಿ. ಗಂಡ ಕಾಳಗದ ಕೋಳಿ ಸಾಕುತ್ತಿದ್ದ. ತಾಯಿಕೋಳಿ ಚೆನ್ನಾಗಿ ತಿಂದರೆ ತತ್ತಿಯ ಹಳದಿ ಗಟ್ಟಿ, ಹಳದಿ ಗಟ್ಟಿಯಿದ್ದರೆ ಮರಿಯ ಎಲುಬು ಗಟ್ಟಿ ಎನ್ನುತ್ತಿದ್ದ. ಹೇಂಟೆ ತತ್ತಿಯಿಡುವ ದಿನಗಳಲ್ಲಿ ಅದಕ್ಕೆ ನೆನೆಸಿದ ಬಾದಾಮಿ, ಬೆಲ್ಲ, ಜೋಳ. ಅದು ಬೆದರುತ್ತದೆಂದು ನಮ್ಮ ಕುಕ್ಕರಿನ ಸೀಟಿಗೂ ಜಗಳಕ್ಕೆ ಬಂದಿದ್ದ. ಕೋಳಿಗೆ ಬಾದಾಮಿ, ಬಸುರಿಗೆ ಬೆಲ್ಟು. ಭಾರೀ ಬುದ್ಧಿವಂತ.

ಒಂದು ಸಂಜೆ ಏಟು ತಪ್ಪಿಸಿಕೊಳ್ಳಲು ಅವಳು ಹಿತ್ತಲಿನ ಕೋಳಿಗೂಡಿಗೆ ನುಗ್ಗಿ ಹೇಂಟೆಯ ಪಕ್ಕ ಕುಕ್ಕರಿಸಿದಳು. ಗೂಡಿನ ಬಾಗಿಲಲ್ಲೇ ಅವನು ಎತ್ತಿದ್ದ ಬೆಲ್ಟು ಇಳಿಸಿದ.

"ಹೊರಗ ಬಾ," ಎಂದ, ಮೆಲ್ಲಗೆ. "ಇಲ್ಲಿ ಗದ್ಲ ಬ್ಯಾಡ. ತತ್ತಿ ಕೆಡ್ತಾವ."

ಅಂದಿನಿಂದ ಆ ಗೂಡೇ ಅವಳ ತವರಾಯಿತು. ಅವನ ಕಾಲಸಪ್ಪಳ ಕೇಳಿದರೆ ಸಾಕು, ಅಲ್ಲಿಗೆ ಓಡುವಳು. ಹೇಂಟೆಗೆ ಎರಡು ಬಾದಾಮಿ ತಿನ್ನಿಸಿ ಒಂದನ್ನು ತನ್ನ ಬಾಯಿಗೆ ಹಾಕಿಕೊಳ್ಳುವಳು. ಒಮ್ಮೆ ಹಿತ್ತಲ ಮೋಟುಗೋಡೆಯಾಚೆ ನಿಂತಿದ್ದ ನನ್ನನ್ನು ಕಂಡು ನಾಚಿದಳು.

"ನನ್ನ ಹೊಟ್ಯಾಗೂ ಒಂದು ಐತಲ್ರೀ ಅಕ್ಕಾ. ಮರಿ ಹೊರಗ ಬರೋತನಕ ನಂಗೇನೂ ಮಾಡಂಗಿಲ್ಲ ಅಂವಾ."

ನಮ್ಮಲ್ಲಿಗೆ ಬಂದುಬಿಡು ಎಂದೆ. "ನಿಮ್ಮ ಬಾಗಲಾ ಮುರೀತಾನ್ರಿ," ಎಂದಳು.

ಮರಿಗಳು ಬಂದವು. ಸಣ್ಣವು, ಕಾಲು ತಡವರಿಸುವಂಥವು. ಅವನಿಗೆ ತಿಳಿಯದೆ ಇದ್ದೀತೇ... ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, "ಇವು ಬದುಕಂಗಿಲ್ಲ. ಕೋಳಿ ಪಾಲು ಯಾರು ತಿಂದ್ರು?" ಎಂದ. ಅವಳ ಜಡೆಗೆ ಕೈ ಹಾಕಿ ಎಳೆಯುವುದಕ್ಕೂ ಹೇಂಟೆ ಅವನ ಮುಖಕ್ಕೆ ಹಾರುವುದಕ್ಕೂ ಸರಿಹೋಯಿತು. ಕೆನ್ನೆ ಸಿಗಿದು ರಕ್ತ ಸುರಿಯಿತು. ಅದರ ಕಾಲು ಹಿಡಿದು ಗೋಡೆಗೆ ಅಪ್ಪಳಿಸಿದ, ತಲೆ ಜಜ್ಜಿಹೋಗುವ ತನಕ. ಆಮೇಲೆ ಅವಳ ಹೊಟ್ಟೆಗೆ ಒದ್ದ. ಒದೆಯುತ್ತಲೇ ಇದ್ದ... ನನ್ನ ಚೀರಾಟಕ್ಕೆ ವಠಾರದವರು ಮೋಟುಗೋಡೆ ಹಾರಿ ಬಂದು ಅವನನ್ನು ಕೆಡವಿ ಬಡಿಯುವಷ್ಟರಲ್ಲಿ ನೆಲವೆಲ್ಲ ಕೆಂಪಾಗಿತ್ತು. ಕೋಳಿಯ ರಕ್ತ ಯಾವುದು, ಅವಳದು ಯಾವುದು ಗೊತ್ತಾಗುವಂತಿರಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಅವನನ್ನು ಪೊಲೀಸರು ಒಯ್ದರು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಅವಳ ಅಣ್ಣ ಬೀದರಕ್ಕೆ ಕರೆದೊಯ್ದ. ಹೊರಡುವ ಮುಂಚೆ ನಮ್ಮ ಅಡುಗೆಮನೆಗೆ ಬಂದು, ಬುಟ್ಟಿಯಲ್ಲಿ ಬಲ್ಬಿನ ಕಾವಿಗೆ ನಾನು ತಂದಿಟ್ಟಿದ್ದ ಮರಿಗಳನ್ನು ನೋಡಿದಳು.

"ಇವು ಬದುಕ್ಯಾವಲ್ರೀ," ಎಂದಳು. ಅಷ್ಟೇ.

ಬದುಕಿದವು. ತಾಯಿಯಿಲ್ಲದೆಯೂ ಒಂದೂ ಸಾಯದೆ ದೊಡ್ಡವಾದವು. ಅವಳನ್ನು ಮಾತ್ರ ಮತ್ತೆ ನೋಡಲಿಲ್ಲ.

"ಸಾಕವ್ವಾ, ಎಷ್ಟು ತಿನ್ಲಿ," ಎಂದಳು ಮಗಳು, ಹೊಟ್ಟೆ ನೀವಿಕೊಳ್ಳುತ್ತ. ನಾನು ಆಗಲೇ ಇನ್ನೊಂದು ಸುಲಿದಿದ್ದೆ. ಮಗಳಿಗೆ ಕೊಡಲೂ ಆಗಲಿಲ್ಲ, ನಾನು ತಿನ್ನಲೂ ಆಗಲಿಲ್ಲ... ಹುಟ್ಟದೇ ಹೋದ ಆ ಕೂಸಿನ ಪಾಲು ಅದು.