ತಿರಕಪ್ಪನ ಅಂಗಿ

“ನಮ್ಮ ಸೊಸಿ ಎದಿಭಾರಕ್ಕ ಏನಾರ ಮದ್ದು ಕೊಡ್ರಿ ಅಂದ್ರ, ನಿಮ್ಮ ಮನಿ ಸುದ್ದಿ ತಗದು ಕುಂತೀರಲ್ರಿ ಅಮೃತವ್ವಾರ,” ಎಂದ ಅಂದಾನಪ್ಪ.

“ಅದ ನನ್ನ ಮದ್ದು. ಬ್ಯಾಡಾದ್ರ ಬಂಡಿ ಹೂಡ್ರಿ,” ಎಂದಳು ನನ್ನ ಸೋದರತ್ತೆ, ಹೊಲಿಯುತ್ತಿದ್ದ ಹಳೆಬಟ್ಟೆಯ ಕೌದಿಯಿಂದ ತಲೆ ಎತ್ತದೆ.

ಕುರ್ತಕೋಟಿಯ ಈ ಅತ್ತೆಯ ಪದ್ಧತಿಯೇ ಹಾಗೆ. ಮನಸ್ಸು ಕೆಟ್ಟು ಬಂದವರನ್ನು ಕೌದಿಯ ಆ ಅಂಚಿಗೆ ಕೂಡಿಸಿ, ಕೈಗೆ ಸೂಜಿ ಕೊಟ್ಟು, ಈ ಅಂಚಿನಿಂದ ತಾನೂ ಹೊಲಿಯುತ್ತ ಮೊದಲು ತನ್ನ ದುಃಖವನ್ನೇ ಹೇಳಿಬಿಡುತ್ತಾಳೆ. ಅದನ್ನು ನೋಡುವುದೆಂದರೆ ನನಗೆ ಎಷ್ಟು ಖುಷಿಯೆಂದರೆ, ಕಾಲೇಜಿಗೆ ರಜೆ ಸಿಕ್ಕಿದ್ದೇ ತಡ, ಗದಗದಿಂದ ಓಡಿ ಬಂದು ಪಕ್ಕದಲ್ಲಿ ಕೂತಿರುತ್ತೇನೆ.

ಅಂದು ಎದುರಿಗಿದ್ದವಳು ಹರ್ತಿಯ ದೇವವ್ವ, ಅಂದಾನಪ್ಪನ ಸೊಸೆ. ಮೊದಲ ಕೂಸು ಹೋಗಿತ್ತು. ಕನ್ನಡ ರಾಜ್ಯ ಒಂದಾದ ವಾರ ಹುಟ್ಟಿದ ಎರಡನೆಯದೂ ಹೋದ ಮೇಲೆ ಮಾತೇ ಬಿಟ್ಟಿದ್ದಳು. ಇವತ್ತೂ ಬಾಯಿ ಬಿಡದಿದ್ದರೆ ಮುಂಡರಗಿಯ ತವರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ನೋಡುವುದೆಂದು ಮಾವ ನಿರ್ಧರಿಸಿಯೇ ಬಂದಿದ್ದ.

“ಡಾಕ್ಟರ್ ಆದವ್ರು ತಮ್ಮದು ಹೇಳಬಾರದು ಅಂತ ನಮ್ಮ ಸೈಕಾಲಜಿ ಬುಕ್ಕಿನ್ಯಾಗೂ ಐತಿ, ಅತ್ತಿ,” ಎಂದು ನಾನೂ ಬಾಯಿ ಹಾಕಿದೆ.

“ಇರಲಿ ಬಿಡು. ತನ್ನ ಬಾಗಲಾ ಹಾಕ್ಕೊಂಡು ಕುಂತಾಕಿ ಮುಂದ ಯಾರು ಬಾಗಲಾ ತಗೀತಾರ?”

ಅತ್ತೆ ಹಳದಿ ಬಟ್ಟೆಯ ತುಂಡೊಂದನ್ನು ಕೌದಿಯ ಮೇಲಿಟ್ಟಳು. “ಇದು ನನ್ನ ಮಗನ ಅಂಗಿ. ಮೊದಲಿನ ಕೂಸು ಉಳೀಲಿಲ್ಲಂತ ಇವನ್ನ ತಿಪ್ಪಿ ಮ್ಯಾಲ ಉರುಳಿಸಿದೆ. ತಿರಕ, ಭಿಕ್ಷಾ ಬೇಡಾಂವ ಅಂದ್ರ ಸಾವು ಹೊಳ್ಳಿ ನೋಡೂದಿಲ್ಲಂತ ತಿರಕಪ್ಪ ಅಂತ ಹೆಸರಿಟ್ಟೆ. ಆದ್ರೂ ಹೋದ.”

ದೇವವ್ವನ ಸೂಜಿ ನಿಂತಿತು.

“ತಿರಕಪ್ಪ ಅಂತನ ಇಟ್ಟಿದ್ರಿ?”

ಸೊಸೆಯ ದನಿ ಕೇಳಿ ಅಂದಾನಪ್ಪ ಎದ್ದೇ ನಿಂತ. ಅತ್ತೆ ಕೈಸನ್ನೆಯಲ್ಲೇ ಅವನನ್ನು ಕೂಡಿಸಿದಳು.

“ನಮ್ಮತ್ತಿನೂ ಅದ ಹೆಸರಿಡು ಅಂದಿದ್ರು,” ಎಂದಳು ದೇವವ್ವ. “ನಾ ಕೇಳಲಿಲ್ಲರಿ. ಚಂದ ಹೆಸರು ಬೇಕಂತ ಕುಬೇರಪ್ಪ ಅಂತ ಇಟ್ಟೆ. ನಾನ ಕೊಂದೆ ಅಂತ ಊರೆಲ್ಲಾ ಅಂತೈತಿ.”

“ಹಂಗಾದ್ರ ನನ್ನ ತಿರಕಪ್ಪನ್ನ ಯಾರು ಕೊಂದ್ರವ್ವಾ?”

ದೇವವ್ವ ಹಳದಿ ತುಂಡಿಗೆ ಮುಖ ಒತ್ತಿಕೊಂಡು ಅತ್ತಳು. ಅತ್ತೆ ಹೊಲಿಯುತ್ತಲೇ ಇದ್ದಳು.

“ಮಾತು ಬಂತಲ್ಲ, ಇನ್ನ ಸಾಕು. ಏಳು,” ಎಂದ ಮಾವ.

“ಅಂಚು ಮುಗದಿಲ್ರಿ ಮಾವಾರ. ಮುಂದಿನ ಸೋಮಾರ ಮತ್ತ ಬರ್ತೀನಿ. ಕುಬೇರಪ್ಪನ ತಲಿ ಕುಲಾಯಿ ತಂದು ಇದಕ್ಕ ಹಚ್ಚತೀನಿ.”

“ಮಾತು ಬೇಕಂದಿದ್ರಿ, ಬಂತು. ಈಗ ತಾಳ್ಕೋರಿ,” ಎಂದಳು ಅತ್ತೆ.

“ನಾ ಬಂಡಿ ಹೂಡೂದಿಲ್ಲ.”

“ಬ್ಯಾಡ ಬಿಡ್ರಿ,” ಎಂದಳು ದೇವವ್ವ, ಸೂಜಿಗೆ ದಾರ ಪೋಣಿಸುತ್ತ. “ನಡಕೊಂತ ಬರ್ತೀನಿ.”